ನೀಲಿ ಹಾವಸೆ

ಕೊಪ್ಪದಲ್ಲಿ ಸಸ್ಯಶಾಸ್ತ್ರ ಪಾಠ ಮಾಡುವ ಸುಬ್ರಾಯನಿಗೆ ಮೇಗುಂದದ ತನ್ನದೇ ತೋಟದ ಅಡಿಕೆ ಮರದ ಬುಡದಲ್ಲಿ ನೀಲಿ ಛಾಯೆಯ ಹಾವಸೆ ಕಂಡಿತು. ಹಸಿರು ಸಸ್ಯಗಳ ವಂಶವೃಕ್ಷಕ್ಕೆ ಹೊಸ ಕೊಂಬೆಯೇ ಸಿಕ್ಕಿತೆಂದು ಹಿರಿಹಿರಿ ಹಿಗ್ಗಿ, ತುಣುಕೊಂದನ್ನು ಡಿಎನ್‌ಎ ಪರೀಕ್ಷೆಗೆ ಕಳಿಸಿದ. ಅದಕ್ಕೊಂದು ಹೆಸರನ್ನೂ ಇಟ್ಟ, ತನ್ನದೇ ಹೆಸರು.

ವರದಿ ಬಂತು. ಅದು ಊರಿನ ಗೋಡೆಗಳ ಮೇಲೆಲ್ಲ ಬೆಳೆಯುವ ಮಾಮೂಲಿ ಹಾವಸೆ.

"ಹಾಗಾದ್ರೆ ಆ ಬಣ್ಣ ಎಲ್ಲಿಂದ ಬಂತು?" ಎಂದು ಸುಬ್ರಾಯ ತಲೆ ಕೆರೆದುಕೊಂಡ.

ಹೆಂಡತಿ ನಯನ ಹಗ್ಗದ ಮೇಲಿದ್ದ ಅವನ ಅಂಗಿ ತೋರಿಸಿದಳು. "ಅಡಿಕೆಯ ಕೊಳೆರೋಗಕ್ಕೆ ಮೈಲುತುತ್ತದ ಔಷಧಿ ಹೊಡೆದವರು ಯಾರು ಮಾರಾಯ್ರೆ?"

ಅಂಗಿಯ ತುಂಬ ಅದೇ ನೀಲಿ. ಸುಬ್ರಾಯ ಅದನ್ನು ತೊಟ್ಟು ಕನ್ನಡಿಯ ಮುಂದೆ ನಿಂತ.

"ಹೊಸ ಪ್ರಭೇದ ಸಿಕ್ಕಿದ್ದಂತೂ ನಿಜ ಮಾರಾಯ್ತಿ," ಎಂದ. "ಮಿದುಳು ಮಾತ್ರ ಹಾವಸೆ ಕಾಲದಲ್ಲೇ ನಿಂತಿದೆ."