ವರ್ಷಕ್ಕೊಂದು ಹೆಜ್ಜೆ

ದಾಮೋದರ ಭಟ್ಟರ ಹೊಸ ಜೀಪು ಕಳಸದ ರಸ್ತೆಯಲ್ಲಿ ಹಾರ್ನ್ ಹೊಡೆದಾಗಲೆಲ್ಲ ಪಕ್ಕದ ತೋಟದ ಲಿಂಗಪ್ಪನ ಹೊಟ್ಟೆ ಉರಿಯುತ್ತಿತ್ತು. ಆ ಜೀಪು ಬಂದದ್ದು ಹಡ್ಲಿನಿಂದ. ಹಡ್ಲೆಂದರೆ ಗುಡ್ಡದ ಬುಡದ ಜೌಗುಗದ್ದೆ, ಭತ್ತ ಬೆಳೆಯುವುದು ಬಿಟ್ಟ ಮೇಲೆ ಕಪ್ಪೆ ಕೊಕ್ಕರೆಗಳ ಪಾಲಾದ ನೆಲ. ಭಟ್ಟರು ಕಾಲುವೆ ತೋಡಿ, ನೀರು ಬಸಿದು, ಶುಂಠಿ ಹಾಕಿದರು. ಲಿಂಗಪ್ಪನಿಗೋ ಹಡ್ಲೇ ಇಲ್ಲ.

ಇಲ್ಲವೆಂದರೆ ಪೂರ್ತಿ ನಿಜವಲ್ಲ. ಪ್ರತಿವರ್ಷ ಮಳೆಗಾಲ ಕಳೆದು ಬೇಲಿ ಕಟ್ಟಿಸುವಾಗ ಅವನು ಗೂಟಗಳನ್ನು ಭಟ್ಟರ ಕಡೆಗೆ ಒಂದೇ ಒಂದು ಹೆಜ್ಜೆ ಸರಿಸುತ್ತಿದ್ದ. ವರ್ಷಕ್ಕೊಂದು ಹೆಜ್ಜೆ ಯಾರ ಕಣ್ಣಿಗೆ ಬೀಳುತ್ತದೆ? ಹಾಗೆ ದಕ್ಕಿದ ಹಡ್ಲಿನ ಪಟ್ಟಿಯಲ್ಲಿ ಅವನೂ ನೀರು ಬಸಿದು ನೆಟ್ಟ ರೊಬಸ್ಟಾ ಕಾಫಿ ಈ ಸಲ ಮೊದಲ ಬಾರಿಗೆ ಗೆಲ್ಲು ಬಗ್ಗುವಷ್ಟು ಕಾಯಿ ಹಿಡಿದಿತ್ತು. ಆದರೂ ಅವನ ಕಣ್ಣೆಲ್ಲ ಶುಂಠಿಯ ಮೇಲೆ.

ಎರಡು ಸಾವಿರದ ಆರರಲ್ಲಿ ಸುದ್ದಿ ಬಂತು: ಸರ್ಕಾರ ಜೌಗು ನೆಲ ಉಳಿಸಲು ಹೊರಟಿದೆ, ಸ್ವಂತ ಪಟ್ಟಾ ಜಮೀನಾದರೂ ಬಸಿದು ಬೆಳೆ ಹಾಕುವಂತಿಲ್ಲ. ಲಿಂಗಪ್ಪ ಅಂದೇ ಭಟ್ಟರ ಶುಂಠಿಯ ಮೇಲೆ ದೂರಿನ ಅರ್ಜಿ ಬರೆಯಲು ಕೂತ.

“ಅವ್ರ ಜಮೀನು, ಅವ್ರಿಷ್ಟ. ನಿಮಗ್ಯಾಕೆ?” ಎಂದಳು ಹೆಂಡತಿ ರುದ್ರಾಣಿ.

“ಹಕ್ಕಿಗಳ ಗತಿ ಏನೇ?” ಎಂದ, ಜನ್ಮದಲ್ಲಿ ಹಕ್ಕಿಯ ಕಡೆ ತಲೆಯೆತ್ತಿ ನೋಡದ ಮಹಾಶಯ.

ಜನವರಿಯಲ್ಲಿ ಅಧಿಕಾರಿ ಸರ್ವೆಯವರೊಂದಿಗೆ ಬಂದರು. ಅಳೆಯುತ್ತ ಹೋದರೆ ಹಳೆಯ ಗಡಿಕಲ್ಲು ಸಿಕ್ಕಿದ್ದು ಲಿಂಗಪ್ಪನ ಬೇಲಿಯ ಒಳಗೆ, ಕಾಫಿಗಿಡಗಳ ಆಚೆ ತುದಿಯಲ್ಲಿ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಯಾರೂ ಕೇಳುವ ಮೊದಲೇ ಲಿಂಗಪ್ಪ, “ಬೇಲಿ ಕಟ್ಟಿದ್ದು ಆಳುಗಳು ಸಾರ್” ಎಂದ.

“ಜೌಗಿನಲ್ಲಿರೋ ಬೆಳೆ ಎಲ್ಲಾ ತೆಗೀಬೇಕು” ಎಂದರು ಅಧಿಕಾರಿ.

“ಶುಂಠಿ ಹೋದ ವಾರವೇ ಕಿತ್ತಾಯ್ತು ಸಾರ್. ಕಾಲುವೆ ನಾಳೆ ಮುಚ್ಚಿಸ್ತೇನೆ” ಎಂದರು ಭಟ್ಟರು.

“ಮತ್ತೆ ಕಲ್ಲಿಗೂ ಬೇಲಿಗೂ ನಡುವೆ ಇರೋ ಕಾಫಿ ಯಾರದ್ದು?”

ಲಿಂಗಪ್ಪ ಮನಸ್ಸಿನಲ್ಲೇ ಲೆಕ್ಕ ಹಾಕಿದ. ತನ್ನದೆಂದರೆ ಗಿಡ ಕೀಳಬೇಕು. ಭಟ್ಟರದ್ದೆಂದರೆ ಗಿಡವೂ ಹೋಯಿತು, ಕದ್ದದ್ದನ್ನು ಬಾಯಾರೆ ಒಪ್ಪಿದಂತೆಯೂ ಆಯಿತು.

“ಲಿಂಗಪ್ಪನೋರದ್ದೇ ಸಾರ್” ಎಂದರು ಭಟ್ಟರು. “ಅಷ್ಟು ಜಾಗ ನಾನೇ ಬಿಟ್ಟುಕೊಟ್ಟಿದ್ದೆ.” ಆಮೇಲೆ ಲಿಂಗಪ್ಪನತ್ತ ತಿರುಗಿ ಮೆಲ್ಲಗೆ ಹೇಳಿದರು: “ಮೊದಲನೇ ವರ್ಷದಿಂದ ನೋಡ್ತಾ ಇದ್ದೆ ಮಾರಾಯ್ರೆ. ನೆರೆಯೋರಲ್ವಾ, ಸುಮ್ನಿದ್ದೆ.”

“ದೊಡ್ಡ ಮನಸ್ಸು ಭಟ್ರೆ ನಿಮ್ದು” ಎನ್ನುತ್ತ ಅಧಿಕಾರಿ ಗಿಡ ಕೀಳುವ ನೋಟಿಸಿಗೆ ಲಿಂಗಪ್ಪನ ಹೆಸರು ಬರೆದರು.

ಸಂಜೆ ಲಿಂಗಪ್ಪ ಊಟದ ತಟ್ಟೆ ದೂಡಿದ. ರುದ್ರಾಣಿ ಸಮಾಧಾನ ಹೇಳಿದಳು: “ಹೋಗ್ಲಿ ಬಿಡಿ. ಬರೀ ಕಾಫಿಗಿಡ ತಾನೆ?”

“ಕಾಫಿ ಸಾಯ್ಲಿ ಕಣೇ” ಎಂದ ಅವನು. “ದೊಡ್ಡ ಮನಸ್ಸು ಅಂದ್ರಲ್ಲ, ಅದೂ ಭಟ್ರಿಗೇ ಹೋಯ್ತಲ್ಲ.”