ಎಮರ್ಜೆನ್ಸಿ ಕುದುರೆ

ಸಾಲಿನ ಕೊನೆಯಲ್ಲಿ ಕುದುರೆ ಬರುತ್ತಿತ್ತು. ಬೆನ್ನ ಮೇಲೆ ಕಂಬಳಿ, ಕಂಬಳಿಯ ಮೇಲೆ ಜೀನು, ಜೀನಿನ ಮೇಲೆ ಗಾಳಿ. ಅಷ್ಟೇ.

ಅದರ ಮುಂದೆ ಒಂಬತ್ತು ಮಂದಿ ಹಣೆಗೆ ಹೊರೆಯ ಪಟ್ಟಿ ಬಿಗಿದು, ಕತ್ತಿನ ನರ ಹಗ್ಗದಂತೆ ಉಬ್ಬಿಸಿಕೊಂಡು, ತಲಾ ಮೂವತ್ತು ಕಿಲೋ ಹೊತ್ತು ಬೆಟ್ಟ ಹತ್ತುತ್ತಿದ್ದರು. ಡೇರೆ, ಗ್ಯಾಸ್ ಸಿಲಿಂಡರು, ಮಡಚುವ ಕುರ್ಚಿ, ಕೊನೆಗೆ ಮಡಚುವ ಕಕ್ಕಸು ಕೂಡ. ಹೊರಗಿನವರು ಬಂದಾಗಲೆಲ್ಲ ಇವರು ಹೊರುವವರು. ಆದರೆ ಕುದುರೆಯ ಜೀನಿಗೆ ಒಂದು ನೀರಿನ ಬಾಟಲಿಯನ್ನೂ ತೂಗುಹಾಕುವಂತಿರಲಿಲ್ಲ.

ಅದು ಎಮರ್ಜೆನ್ಸಿ ಕುದುರೆ. ಕಂಪನಿಯ ಕಾಗದದಲ್ಲಿ ಹಾಗೇ ಬರೆದಿತ್ತು. ಆರು ದಿನದ ಟೂರು. ಎರಡು ಕಣಿವೆ, ನಾಲ್ಕು ಹಳ್ಳಿ, ನಡುವೆ ಒಂದು ಹಿಮದ ಏರು. ಹನ್ನೆರಡು ಮಂದಿ ಗೆಸ್ಟ್‌ಗಳಲ್ಲಿ ಯಾರಿಗೆ ಯಾವಾಗ ಉಸಿರು ಕಟ್ಟುತ್ತದೋ, ಕಾಲು ಉಳುಕುತ್ತದೋ ಹೇಳಲಾಗದು. ಆ ಹೊತ್ತಿಗೆ ಕುದುರೆ ದಣಿದಿರಬಾರದು. ಹಾಗಾಗಿ ಖಾಲಿ ನಡೆಯುವುದೇ ಅದರ ಕೆಲಸ.

"ನಿನ್ನ ಕುದುರೆಗೆ ಹೇಳೋ, ಒಂದಿನ ನಂಗೂ ಅದಕ್ಕೂ ಕೆಲಸ ಅದಲು ಬದಲು ಮಾಡ್ಕೊಳೋಣ ಅಂತ," ಎಂದ ಪಾತ್ರೆಪಗಡ ಹೊತ್ತಿದ್ದ ಅಡುಗೆಯವನು.

"ಕೇಳ್ದೆ ಅಣ್ಣಾ," ಎಂದ ಕುದುರೆಯವನು. "ಹಾಗಾದ್ರೆ ನಿನ್ನ ಅಡುಗೆ ತಿನ್ನಬೇಕಾಗುತ್ತೆ ಅಂದೆ. ಹುಲ್ಲೇ ವಾಸಿ ಅಂತು."

ಹೊರೆ ಹೊತ್ತವರು ನಗಲಿಕ್ಕೂ ಉಸಿರು ಸಾಲದೆ ಮೂಗಿನಲ್ಲೇ ನಕ್ಕರು.

ಕುದುರೆ ಅವನದೇ. ಮರಿಯಾಗಿದ್ದಾಗ ಅವನ ಹೆಂಡತಿ ಅದನ್ನು ತನ್ನ ಶಾಲಿನೊಳಗೆ ಸುತ್ತಿ ಒಂದು ಚಳಿಗಾಲ ದಾಟಿಸಿದ್ದಳು. ಬೇರೆಯವರು ಹಗ್ಗ ಹಿಡಿದರೆ ಕಚ್ಚುತ್ತಿತ್ತು. ಹಾಗಾಗಿ ಕುದುರೆ ಬೇಕೆಂದರೆ ಅವನೂ ಬೇಕು.

ಅವನಿಗೆ ಕಾಗದದಲ್ಲಿಲ್ಲದ ಇನ್ನೊಂದು ಕೆಲಸವೂ ಇತ್ತು. ಸಂಜೆ ಗೆಸ್ಟ್‌ಗಳು ಕುರ್ಚಿ ಬಿಚ್ಚಿ ಕೂತರೆ ಲೀಡರ್ ಸಾಹೇಬರು ಸೀಟಿ ಊದುತ್ತಿದ್ದರು: "ಬಾರಯ್ಯ, ನಿನ್ನ ಐಟಂ ಆಗ್ಲಿ." ಕುದುರೆಯವನು ಬಂದು ನಿಂತು, ಬೆಟ್ಟ ಹತ್ತುವ ಪಟ್ಟಣದವರ ಥರ ಎದೆ ಹಿಡಿದು, ಕಣ್ಣು ಮೇಲೆ ಮಾಡಿ, ಹಾ... ಹ್ಹಾ... ಎಂದು ಏದುಸಿರು ಬಿಡುತ್ತಿದ್ದ. ಇವನ ಬೆಟ್ಟದ ಮಾತು ಗೆಸ್ಟ್‌ಗಳಿಗೆ ತಿಳಿಯದು, ಅವರ ಮಾತು ಇವನಿಗೆ ತಿಳಿಯದು. ಏದುಸಿರಿಗೆ ಭಾಷೆ ಬೇಕೆ? ತಮ್ಮನ್ನೇ ಕಂಡು ತಾವೇ ಬಿದ್ದು ಬಿದ್ದು ನಗುತ್ತಿದ್ದರು.

ಮೂರನೇ ದಿನ ಮಧ್ಯಾಹ್ನ ಟೂರು ಅವನದೇ ಹಳ್ಳಿಗೆ ಬಂತು. ಹದಿನಾಲ್ಕು ಮನೆ. ಗೆಸ್ಟ್‌ಗಳು ತಂಗುವುದು ಊರಿನ ಹಿರಿಯನ ಮೂರು ಕೋಣೆಗಳಲ್ಲಿ. ಆ ಹಿರಿಯ ಅವನ ಮಾವನೇ. ಆ ಬಾಡಿಗೆ, ಗಂಡಸರ ಹೊರೆಗೂಲಿ, ಅಷ್ಟೇ ಊರಿನ ದುಡ್ಡು. ಮನೆಗೊಂದು ಹೊರೆ ಸೌದೆ ಎತ್ತಿ ಆ ಕೋಣೆಗಳ ಒಲೆಗಳಿಗೆ ತುಂಬಿದ್ದರು.

ಅವನ ಮನೆಯ ಒಲೆ ತಣ್ಣಗಿತ್ತು. ಹೆಂಡತಿ ಗೋಡೆಗೆ ಒರಗಿ ಕೂತಿದ್ದಳು. ಮಲಗಿದರೆ ಉಸಿರಾಡಲಾಗುತ್ತಿರಲಿಲ್ಲ. ತುಟಿ ನೀಲಿಗಟ್ಟಿತ್ತು. ಒಂದೊಂದು ಉಸಿರಿಗೂ ಕೊರಳ ಬುಡದಲ್ಲಿ ಗುಳಿ ಬೀಳುತ್ತಿತ್ತು.

"ಬಂದ್ರಾ? ಕುದುರೆ ಬಂತಾ?"

"ಬಂತು ಕಣೆ. ಯಾವಾಗಿಂದ ಹೀಗೆ?"

"ನೀವು ಹೋದ ದಿನದಿಂದ. ಮೂರನೇ ದಿನ... ಕುದುರೆ ಬರುತ್ತಲ್ಲ... ಅಂತ ಕಾದೆ."

ಆಸ್ಪತ್ರೆ ಕೆಳಗೆ, ಹೊಳೆಯ ದಂಡೆಯಲ್ಲಿ. ಕುದುರೆಯಾದರೆ ಮೂರು ಗಂಟೆ. ಬುಟ್ಟಿಯಲ್ಲಿ ಕೂರಿಸಿ ಬೆನ್ನ ಮೇಲೆ ಹೊತ್ತರೆ ಇಡೀ ಹಗಲು.

ಅವನು ಓಡಿದ. ಲೀಡರ್ ಸಾಹೇಬರು ಬಿಸಿನೀರಿನಲ್ಲಿ ಕಾಲಿಟ್ಟುಕೊಂಡು ಕೂತಿದ್ದರು. ಎಲ್ಲವನ್ನೂ ಸಮಾಧಾನದಿಂದ ಕೇಳಿದರು.

"ನಿನ್ನ ಕಷ್ಟ ನಂಗೆ ಅರ್ಥ ಆಗಲ್ವೇನಯ್ಯ? ಆದ್ರೆ ನಾಳೆ ಹಿಮದ ಏರು. ಏನಾದ್ರೂ ಆದ್ರೆ?"

"ಈಗ ಆಗಿದೆಯಲ್ಲ ಸಾರ್."

"ಗೆಸ್ಟ್‌ಗೆ ಆಗಿಲ್ವಲ್ಲ."

"ಕುದುರೆ ನಂದು ಸಾರ್."

"ಆರನೇ ದಿನ ಸಂಜೆಯಿಂದ ನಿಂದು."

ಸಾಹೇಬರು ಕಾಲು ಒರೆಸಿಕೊಂಡರು. "ಹೋಗೋದಾದ್ರೆ ಹೋಗು, ನಾನೇನು ಕಟ್ಟಿ ಹಾಕಿಲ್ಲ. ಮುಂದಿನ ಸಲದಿಂದ ಟೂರು ಆಚೆ ಕಣಿವೆ ಹಳ್ಳೀಲಿ ತಂಗುತ್ತೆ. ಅವರೂ ಕೇಳ್ತಾನೇ ಇದಾರೆ." ಇದನ್ನು ಹೇಳುವಾಗ ಅವರು ನೋಡಿದ್ದು ಇವನನ್ನಲ್ಲ, ಬಾಗಿಲಲ್ಲಿ ನಿಂತಿದ್ದ ಮಾವನನ್ನು.

ಮಾವ ಅವನನ್ನು ಅಂಗಳಕ್ಕೆ ಕರೆದೊಯ್ದ.

"ನನ್ ಮಗಳು ಕಣಪ್ಪಾ ಅವಳು. ನಂಗೆ ಗೊತ್ತಿಲ್ವಾ? ಆದ್ರೆ ಹದಿನಾಲ್ಕು ಮನೆ... ಹದಿನಾಲ್ಕು ಮನೆ ಕಣಪ್ಪಾ..."

ಲೀಡರಿಗೆ ಕರುಣೆ ಇಲ್ಲದಿದ್ದರೇನು, ಗೆಸ್ಟ್‌ಗಳಿಗೆ ಇರಬಹುದು. ಹೆಂಡತಿ ಮಕ್ಕಳು ಇರುವವರು. ಕುದುರೆಯವನು ನೇರ ಅವರ ಮುಂದೆ ಹೋಗಿ ನಿಂತ. ಬಿಸಿಲಿಗೆ ಕೂತು ಬಿಸ್ಕತ್ತು ತಿನ್ನುತ್ತಿದ್ದರು. ಮಾತು ಬಾರದು, ಆದರೆ ಮೈಯಲ್ಲಿ ಹೇಳಬಲ್ಲ. ಎದೆ ಹಿಡಿದು ತೋರಿಸಿದ. ಗೋಡೆಗೆ ಒರಗಿ ಕೂತು, ಹೆಂಡತಿ ಹೇಗೆ ಉಸಿರೆಳೆಯುತ್ತಿದ್ದಳೋ ಹಾಗೇ ಎಳೆದ. ಕೊರಳ ಗುಳಿಯೂ ಬಿತ್ತು. ತನ್ನ ಮನೆಯತ್ತ, ಕುದುರೆಯತ್ತ, ಕೆಳಗಿನ ಹೊಳೆಯತ್ತ ಕೈ ಮಾಡಿ, ಎರಡೂ ಕೈ ಜೋಡಿಸಿದ.

ಗೆಸ್ಟ್‌ಗಳು ನಕ್ಕರು. ಗುಲಾಬಿ ಬೂಟಿನ ಮೇಡಂ ನಕ್ಕು ನಕ್ಕು ಕಣ್ಣೊರೆಸಿಕೊಂಡರು.

"ನೀವಾದ್ರೂ ಹೇಳಿ ಸಾರ್!" ಎಂದು ಅವನು ಲೀಡರ್ ಕಡೆ ತಿರುಗಿ ಕೂಗಿದ. ಕಣ್ಣಲ್ಲಿ ನೀರು ಬಂದಿತ್ತು. ಸಾಹೇಬರು ಗೆಸ್ಟ್‌ಗಳ ಭಾಷೆಯಲ್ಲಿ ಏನೋ ಹೇಳಿದರು. ಹನ್ನೆರಡು ಮಂದಿಯೂ ಎದ್ದು ನಿಂತು ಚಪ್ಪಾಳೆ ತಟ್ಟಿದರು.

ಅವರ ಭಾಷೆ ಅಲ್ಪಸ್ವಲ್ಪ ಬಲ್ಲ ಅಡುಗೆಯವನು ತಟ್ಟೆ ತೊಳೆಯುತ್ತಾ ತಲೆ ತಗ್ಗಿಸಿ ಹೇಳಿದ: "ಇವತ್ತಿಂದು ಸ್ಪೆಷಲ್ ಐಟಂ ಅಂದ್ರು ಕಣೋ."

ಊರಿನ ಗಂಡಸರೆಲ್ಲ ಟೂರಿನ ಹೊರೆಗೆ ಸಿಕ್ಕಿಕೊಂಡಿದ್ದರು. ಹಾಗಾಗಿ ಬೆಳಗ್ಗೆ ಬುಟ್ಟಿ ಹೊರಲು ಬಂದದ್ದು ಹೆಂಡತಿಯ ಅಕ್ಕ ಮತ್ತು ಪಕ್ಕದ ಮನೆಯವಳು. ಒಬ್ಬಳು ಹೊರುವುದು, ದಣಿದಾಗ ಇನ್ನೊಬ್ಬಳು. ಜೊತೆಗೆ ಕೋಲೂರಿಕೊಂಡು ಮಾವ.

ಬುಟ್ಟಿಯಲ್ಲಿ ಕೂತವಳು ಗಂಡನ ಕೈ ಬಿಡಿಸಿಕೊಂಡಳು. "ನೀವು ಹೊರಡಿ. ಹತ್ತುವಾಗ... ಈ ಕಡೆ ನೋಡ್ಬೇಡಿ. ಕಾಲು ಜಾರುತ್ತೆ."

ನೋಡದಿರುವುದು ಹೇಗೆ? ಏರು ಹಾವಿನಂತೆ ತಿರುಗಿ ತಿರುಗಿ ಹತ್ತುತ್ತಿತ್ತು. ಒಂದೊಂದು ತಿರುವಿನಲ್ಲೂ ಎದುರಿನ ಇಳಿಜಾರು ಅಂಗೈಯಷ್ಟು ಸ್ಪಷ್ಟ. ಅಲ್ಲಿ ಮೂರು ಚುಕ್ಕೆಗಳು ಇಳಿಯುತ್ತಿದ್ದವು, ನಿಲ್ಲುತ್ತಿದ್ದವು, ಮತ್ತೆ ಇಳಿಯುತ್ತಿದ್ದವು. ಅವನ ಪಕ್ಕದಲ್ಲಿ ಕುದುರೆ ಏನೂ ಹೊರದೆ ನಡೆಯುತ್ತಿತ್ತು.

ಐದನೇ ತಿರುವಿನಲ್ಲಿ ಗುಲಾಬಿ ಬೂಟಿನ ಮೇಡಂ ಕಲ್ಲಿನ ಮೇಲೆ ಕೂತುಬಿಟ್ಟರು. ಬೂಟು ಕಚ್ಚಿತ್ತು. ಹಿಮ್ಮಡಿಯಲ್ಲಿ ಬಟಾಣಿ ಗಾತ್ರದ ಬೊಕ್ಕೆ.

"ಎಮರ್ಜೆನ್ಸಿ!" ಎಂದರು ಸಾಹೇಬರು. "ತಾರಯ್ಯ ಕುದುರೆ. ನೋಡಿದ್ಯಾ? ಕಳ್ಸಿದ್ರೆ ಏನಾಗ್ತಿತ್ತು ಈಗ?"

ಕುದುರೆಯವನು ಮಂಡಿಯೂರಿದ. ಮೇಡಂ ಅವನ ತೊಡೆ ಮೆಟ್ಟಿ ಜೀನು ಏರಿದರು. ಫೋಟೋ ತೆಗೆಸಿಕೊಂಡರು. ಅವನು ಎದ್ದು ಎದುರಿನ ಇಳಿಜಾರು ನೋಡಿದ.

ಚುಕ್ಕೆಗಳು ನಿಂತಿದ್ದವು. ಅರ್ಧ ದಾರಿಯೂ ಆಗಿರಲಿಲ್ಲ. ಬಹಳ ಹೊತ್ತು ನಿಂತೇ ಇದ್ದವು. ಒಂದು ಚುಕ್ಕೆ ನೆಲಕ್ಕೆ ಕುಸಿಯಿತು. ಅದು ಮಾವ ಇರಬೇಕು. ಆಮೇಲೆ ಬುಟ್ಟಿ ಮತ್ತೆ ಬೆನ್ನೇರಿತು. ಆದರೆ ಹೊಳೆಯ ಕಡೆಗಲ್ಲ. ಊರಿನ ಕಡೆಗೆ. ನಿಲ್ಲದೆ, ಅವಸರವೂ ಇಲ್ಲದೆ ಹತ್ತತೊಡಗಿತು.

"ತಿರುಗಿದ್ರು," ಎಂದ ಅಡುಗೆಯವನು. "ಅಯ್ಯೋ, ತಿರುಗಿಬಿಟ್ರಲ್ಲೋ."

ಅವನು ಹಣೆಯ ಪಟ್ಟಿ ಕಳಚಿ ಹೊರೆ ಕೆಳಗಿಟ್ಟ. ಅವನ ಹಿಂದಿನವನು ಇಟ್ಟ. ಅವನ ಹಿಂದಿನವನೂ. ಒಂಬತ್ತು ಹೊರೆಗಳೂ ಹಿಮದ ಮೇಲೆ ಕೂತವು, ಪಕ್ಕದಲ್ಲಿ ಹೊತ್ತವರೂ.

"ಏಯ್, ಯಾಕ್ರೋ ಕೂತ್ರಿ?" ಸಾಹೇಬರು ಗಾಬರಿಯಾದರು. "ಇನ್ನೂ ನಾಲ್ಕು ಗಂಟೆ ಹತ್ತಬೇಕು! ಏಳ್ರಿ! ಏನಾಯ್ತು ನಿಮಗೆಲ್ಲ?"

ಯಾರೂ ಏಳಲಿಲ್ಲ. ಮೇಡಂ ಕುದುರೆಯ ಮೇಲಿನಿಂದ ಅವರ ಮುಖ ಇವರ ಮುಖ ನೋಡುತ್ತಿದ್ದರು.

ಕುದುರೆಯವನು ಕಡಿವಾಣ ಬಿಗಿ ಹಿಡಿದ.

"ಮೇಡಂನ ಇಳಿಸಿ ಸಾರ್," ಎಂದ. "ನಿಧಾನಕ್ಕೆ ಇಳಿಸಿ. ಇನ್ನೇನೂ ಅವಸರ ಇಲ್ಲ."