ತಮ್ಮಾ, ದಾರಿ ಖಾಲಿ ಐತಿ

‘ಮೇಡೇ, ಮೇಡೇ, ಮೇಡೇ’ ಎಂಬ ಅಪಾಯದ ಕರೆ ಕಿವಿಗೆ ಬಿದ್ದಾಗ ಗೀತಾಂಜಲಿ ಚಹದ ಲೋಟವನ್ನು ಎಲ್ಲಿಡುವುದೆಂದು ನೋಡುತ್ತಿದ್ದಳು. ನೆಲದ ಮೇಲಿಟ್ಟಳು.

ಎರಡು ನಿಮಿಷದ ಹಿಂದೆ ಸಮುದ್ರದ ಕಡೆಗೆ ಏರಿಹೋದ ವಿಮಾನ. ಬಲಗಡೆಯ ಇಂಜಿನ್ ನಿಂತಿದೆ, ಹಿಂದಿರುಗುತ್ತೇವೆ ಎಂದು ಇಂಗ್ಲಿಷಿನಲ್ಲಿ ಹೇಳಿತು ಒಂದು ಎಳೆಯ ಗಂಡುದನಿ. ಸಹಪೈಲಟ್ ಇರಬೇಕು. ಹಿರಿಯವನು ಈಗ ವಿಮಾನ ಹಿಡಿದು ಕೂತಿರುತ್ತಾನೆ, ಮಾತಾಡಲು ಅವನಿಗೆ ಪುರುಸೊತ್ತಿಲ್ಲ.

ಗೀತಾಂಜಲಿಯ ದನಿ ಬದಲಾಗಲಿಲ್ಲ. ಮೋಪಾ ವಿಮಾನ ನಿಲ್ದಾಣದ ನಿಯಂತ್ರಣ ಟವರಿನಲ್ಲಿ ಅವಳು ಹೆಸರು ಮಾಡಿದ್ದೇ ಆ ದನಿಯಿಂದ. ಏರದ, ಇಳಿಯದ, ಯಾವ ಊರಿನದೂ ಅಲ್ಲದ ದನಿ. ಎತ್ತ ತಿರುಗಬೇಕು, ಗಾಳಿ ಎಷ್ಟಿದೆ, ಹೇಳಿದಳು. ಇಳಿಯಲು ಬರುತ್ತಿದ್ದ ಇನ್ನೊಂದು ವಿಮಾನವನ್ನು ದೂರದಲ್ಲೇ ಸುತ್ತಲು ಹಚ್ಚಿದಳು. ಬೆಂಕಿ ಆರಿಸುವ ಗಾಡಿಗಳನ್ನು ಕರೆಸಿದಳು.

‘ಒಳಗೆ ಒಟ್ಟು ಎಷ್ಟು ಜನ?’

‘ನೂರಾ ಅರವತ್ತೆಂಟು.’

ಬರೆದುಕೊಂಡಳು. ಅಂಕಿಗಳು ದುಂಡಗೆ, ಚೆಂದಾಗಿ ಬಂದದ್ದು ಕಂಡು ಅವಳಿಗೇ ಒಂಥರಾ ಅಸಹ್ಯವಾಯಿತು.

ಆಮೇಲೆ ಅದಾಯಿತು. ಮಾತು ಮುಗಿಸಿದ ಹುಡುಗ ರೇಡಿಯೋ ಗುಂಡಿಯ ಮೇಲಿಂದ ಬೆರಳು ತೆಗೆಯುವುದನ್ನು ಮರೆತ. ಉಸಿರು ಕೇಳಿಸಿತು. ಹಿಂದೆಲ್ಲೋ ಏನೋ ಒಂದೇ ಸಮ ಬಡಿದುಕೊಳ್ಳುತ್ತಿತ್ತು. ಅದರ ನಡುವೆ, ಯಾರಿಗೂ ಹೇಳಿದ್ದಲ್ಲದ ಹಾಗೆ, ‘ಯವ್ವಾ... ಕೈ ನಡಗಾಕತ್ತಾವಲ್ಲ.’

ಟಕ್ಕೆಂದು ಗುಂಡಿ ಬಿಟ್ಟ ಸದ್ದು.

ಟವರಿನಲ್ಲಿದ್ದ ಉಳಿದ ಮೂವರು ತಲೆಯೆತ್ತಲಿಲ್ಲ. ಅವರ ಪಾಲಿಗೆ ಅದು ಬರೀ ಗರಗರ ಸದ್ದು. ಅವಳೊಬ್ಬಳಿಗೆ ಮಾತ್ರ ಅದು ಮಾತಾಗಿತ್ತು. ನಿಯಮದ ಪ್ರಕಾರ ಅದಕ್ಕೆ ಉತ್ತರ ಕೊಡುವಂತಿಲ್ಲ.

‘ಹೆದರಬ್ಯಾಡ ತಮ್ಮಾ,’ ಎಂದಳು ಗೀತಾಂಜಲಿ. ‘ದಾರಿ ಖಾಲಿ ಐತಿ. ಸಾವಕಾಶ ಬಾ.’

ಆ ದನಿ ಅವಳದಲ್ಲ. ಅವ್ವ ಸತ್ಯವ್ವನದು. ಅಷ್ಟು ವರ್ಷ ಅದು ತನ್ನ ಗಂಟಲಲ್ಲಿ ಎಲ್ಲಿ ಕೂತಿತ್ತೋ!

‘ಹೂನ್ರಿ ಅಕ್ಕಾರ,’ ಎಂದ ಹುಡುಗ. ಕೂಡಲೇ ನಾಚಿದವನಂತೆ ಇಂಗ್ಲಿಷಿಗೆ ಮರಳಿದ.

ಒಂಬತ್ತು ನಿಮಿಷ. ವಿಮಾನ ಸಮುದ್ರದ ಮೇಲೆ ಅಗಲವಾಗಿ ಸುತ್ತಿ ಬಂದು, ಕೊಂಚ ವಾಲಿದಂತೆ ಕಂಡು, ನೆಲ ಮುಟ್ಟಿ ಓಡಿತು. ನಿಂತಿತು. ಯಾರೋ ಚಪ್ಪಾಳೆ ತಟ್ಟಿದರು. ಯಾಕೆ ತಟ್ಟುತ್ತಿದ್ದಾರೆಂದು ಅವಳಿಗೆ ಥಟ್ಟನೆ ಹೊಳೆಯಲಿಲ್ಲ.

ಅರ್ಧ ತಾಸಿಗೆ ಟವರಿನ ಫೋನು ಬಡಿಯಿತು.

‘ಅಕ್ಕಾರ, ನಾ ಶಂಕರಲಿಂಗ ರೀ, ಇಂಡಿ ಕಡಿಯಾಂವ. ಆಗ ಮ್ಯಾಲಿಂದ ಮಾತಾಡಿದಾಂವ. ನಿಮ್ಮ ಮಾತು ಕೇಳಿದ ಮ್ಯಾಲ ನನ್ನ ಕೈ... ನಿಮ್ಮ ಹೆಸರೇನ್ರಿ?’

‘ಡ್ಯೂಟಿ ಕಂಟ್ರೋಲರ್.’

‘ಅಲ್ರೀ, ಯಾವೂರ್ರೀ ನಿಮ್ದು?’

ಪಾಳಿಯ ಮೇಲಧಿಕಾರಿ ಪರ್ವೀನ ಪಕ್ಕದಲ್ಲೇ ನಿಂತಿದ್ದರು. ‘ಮಡಗಾಂವ್,’ ಎಂದಳು ಗೀತಾಂಜಲಿ. ಇಂಗ್ಲಿಷಿನಲ್ಲಿ ಶುಭ ಕೋರಿ ಫೋನಿಟ್ಟಳು.

ಇಂಥದಾದ ಮೇಲೆ ಕಂಟ್ರೋಲರನ್ನು ಆ ದಿನ ಮತ್ತೆ ಕೆಲಸಕ್ಕೆ ಕೂರಿಸುವುದಿಲ್ಲ. ವರದಿ ಬರೆಯುತ್ತ ಪರ್ವೀನ ಕೇಳಿದರು. ‘ಚೆನ್ನಾಗಿ ನಿಭಾಯಿಸಿದೆ. ನಡುವೆ ಅದೇನೋ ಅಂದೆಯಲ್ಲ, ಕೊಂಕಣಿ ಅಲ್ಲ ಅದು.’

‘ಕನ್ನಡ.’

‘ನಿನಗೆಲ್ಲಿಂದ ಬಂತು ಕನ್ನಡ?’

ಪ್ರಶ್ನೆಯಲ್ಲಿ ಕುತೂಹಲ ಬಿಟ್ಟರೆ ಬೇರೇನೂ ಇರಲಿಲ್ಲ. ಆಮೇಲೆ ಅವಳನ್ನು ಚುಚ್ಚಿದ್ದೇ ಅದು.

‘ಚಿಕ್ಕಂದಿನಲ್ಲಿ ಮನೆಗೆ ಒಬ್ಬ ಕೆಲಸದಾಕೆ ಬರುತ್ತಿದ್ದಳು. ಅವಳಿಂದ ಕಲಿತದ್ದು.’

‘ಒಳ್ಳೆಯವಳಿರಬೇಕು.’

‘ಹೌದು,’ ಎಂದಳು ಗೀತಾಂಜಲಿ.

ಪೂರ್ತಿ ಸುಳ್ಳೂ ಅಲ್ಲ, ಎಂದು ಬಸ್ಸಿನಲ್ಲಿ ಅವಳ ಮನಸ್ಸು ವಕೀಲಿ ಮಾಡಿತು. ಸತ್ಯವ್ವ ಇಪ್ಪತ್ತು ವರ್ಷ ಮಡಗಾಂವಿನ ಮೂರು ಮನೆಗಳ ಪಾತ್ರೆ ತಿಕ್ಕಿದವಳೇ. ಆ ಮನೆಗಳು ಮಾತ್ರ ತಮ್ಮವಾಗಿರಲಿಲ್ಲ. ಮಗಳನ್ನು ಕಟ್ಟೆಯ ಮೇಲೆ ಕೂರಿಸಿ, ಪುಸ್ತಕ ಕೊಟ್ಟು, ನೊರೆಗೈಯಲ್ಲೇ ಆಗಾಗ ಬಂದು ಇಣುಕುತ್ತಿದ್ದಳು.

ಮಡಗಾಂವಿನ ಮೋತಿ ಡೊಂಗರ್ ಗುಡ್ಡದಲ್ಲಿ ಅವ್ವನ ಮನೆಯ ಮೆಟ್ಟಿಲು ಹತ್ತುವಾಗ ಹೊತ್ತು ಇಳಿದಿತ್ತು. ಸತ್ಯವ್ವ ರೊಟ್ಟಿ ಬಡಿಯುತ್ತಿದ್ದಳು.

‘ಆಯತ್ವಾರ ಅಲ್ಲಲ್ಲ ಇವತ್ತ?’

‘ಲಗೂನ ಬಿಟ್ರು.’

‘ಮಾರಿ ಸಣ್ಣ ಆಗೇತಿ. ಏನಾತ?’

‘ಒಂದ್ ವಿಮಾನದ್ದು ಇಂಜಿನ್ ಕೆಟ್ಟಿತ್ತು.’

‘ಮಂದಿ?’

‘ಎಲ್ಲಾರೂ ಚಲೋ ಇಳದ್ರು.’

‘ನೀ ಎಲ್ಲಿದ್ದಿ?’

‘ಕೆಳಗ.’

ಸತ್ಯವ್ವ ಒಲೆ ಸಣ್ಣ ಮಾಡಿ ಬಂದು, ಮಗಳ ಎರಡೂ ಕೈ ತನ್ನ ಹಿಟ್ಟುಗೈಗಳ ನಡುವೆ ಹಿಡಿದಳು. ‘ಇಷ್ಟ್ಯಾಕ ತಣ್ಣಗ ಆಗ್ಯಾವ ಹಂಗಂದ್ರ?’ ಎಂದು ತಿಕ್ಕತೊಡಗಿದಳು. ಒರಟು ಅಂಗೈ. ಗೀತಾಂಜಲಿ ಹಾಗೆಯೇ ಬಿಟ್ಟುಕೊಂಡು ಕೂತಳು. ಇಲ್ಲೇ ನಿದ್ದೆ ಬಂದುಬಿಟ್ಟರೆ ಸಾಕೆನಿಸಿತು.

‘ಅವ್ವಾ, ಇವತ್ತ ನಾ ಒಂದ್ ಮಾತಂದೆ...’

ಅಷ್ಟರಲ್ಲಿ ಮೇಲೆ ಸದ್ದಾಯಿತು. ಸತ್ಯವ್ವ ಕೈ ಬಿಟ್ಟು, ಸೆರಗು ಸರಿಮಾಡಿಕೊಂಡು, ಸರಸರ ಅಂಗಳಕ್ಕೆ ಹೋದಳು. ತಗಡಿನ ಮಾಡುಗಳ ಮೇಲೆ ಒಂದು ವಿಮಾನ ತಗ್ಗಿ ಬರುತ್ತಿತ್ತು. ಅವಳು ಬಲಗೈ ಎತ್ತಿ ಬೀಸಿದಳು.

‘ನೀ ಹೇಳಿದಂಗ ಹಾರತಾವಲ್ಲ ಇವು? ದಿನಾ ಕೈ ಮಾಡ್ತೇನಿ,’ ಎಂದಳು, ತಿರುಗದೆ. ‘ನಿನಗ ಕಾಣಸತೈತೇನ?’

ಅದು ಹತ್ತಿರದ ದಾಬೋಳಿ ನಿಲ್ದಾಣದಲ್ಲಿ ಇಳಿಯುವ ವಿಮಾನ. ಅಲ್ಲಿನ ಟವರೇ ಬೇರೆ, ದನಿಯೇ ಬೇರೆ. ಮೋಪಾ ಇಲ್ಲಿಂದ ಉತ್ತರಕ್ಕೆ ಎರಡು ತಾಸಿನ ದಾರಿ. ಅಲ್ಲಿಯ ಒಂದು ವಿಮಾನವೂ ಈ ಗುಡ್ಡದ ಮೇಲೆ ತಗ್ಗಿ ಬರುವುದಿಲ್ಲ.

ಗೀತಾಂಜಲಿ ಬಾಗಿಲಲ್ಲಿ ನಿಂತಳು. ವಿಮಾನ ಪಡುವಣಕ್ಕೆ ಸರಿದು, ಚಿಕ್ಕದಾಗಿ, ಮನೆಗಳ ಹಿಂದೆ ಇಳಿದುಹೋಯಿತು. ಸದ್ದೂ ನಿಂತಿತು. ಖಾಲಿ ಆಕಾಶದತ್ತ ಸತ್ಯವ್ವನ ಕೈ ಇನ್ನೂ ಎತ್ತಿದಂತೆಯೇ ಇತ್ತು, ಮೊಣಕೈತನಕ ಬಿಳೀ ಹಿಟ್ಟು.